ದೇವಮ್ಮನ ಸೀರೆ ನಂಬಿದ ಹೇಂಟೆ

ದೇವಮ್ಮ ಬೆಳಗ್ಗಿನ ಮೊದಲ ಬಸ್ಸಿಗೆ ಬೆಳ್ಳಾರೆಗೆ ಹೋದದ್ದೇ ಗ್ರಾಮಸೇವಕ ಯಜ್ಞೇಶ್ವರ ಭಟ್ಟರ ಕೇಡಿಗೆ ಮೂಲ. ಮಗಳಿಗೆ ಹೆರಿಗೆ ನೋವು ಬಂದಿದೆ ಎಂದು ಕೇಳಿದ ತಾಯಿ ಸರಕಾರದ ಕೋಳಿಮರಿಗಳಿಗಾಗಿ ಮನೆಯಲ್ಲಿ ನಿಲ್ಲುವುದುಂಟೇ?

ಭಟ್ಟರು ದೇವಮ್ಮನ ಗಂಡ, ಅಜ್ಜಾವರದ ಕುಕ್ಕಪ್ಪ ಗೌಡರ ಅಂಗಳದಲ್ಲಿ ಸೈಕಲಿನಿಂದ ಇಳಿದಾಗ ಈ ಸುದ್ದಿ ಅವರನ್ನೇ ಕಾದಿತ್ತು.

"ಎಂತ ಗೌಡ್ರೇ ಇದು! ಇವತ್ತು ಮಂಗಳೂರಿನ ಸಾಹೇಬ್ರು ಮರಿ ನೋಡ್ಲಿಕ್ಕೆ ಬರ್ತಾರೆ ಅಂತ ನಾನು ಹೇಳಿರ್ಲಿಲ್ವಾ?"

"ನೀವು ನನಗೆ ಹೇಳಿದ್ರಿ ಮಾರಾಯ್ರೆ," ಎಂದರು ಕುಕ್ಕಪ್ಪ ಗೌಡರು. "ಹುಟ್ಟುವ ಮಗುವಿಗೆ ಹೇಳಿದವರು ಯಾರು?"

ಊರೂರಲ್ಲಿ ಬಿಳಿ ಲೆಗ್‌ಹಾರ್ನ್ ಕೋಳಿ ಸಾಕಿಸಬೇಕೆಂದು ಸರಕಾರಕ್ಕೆ ಮನಸ್ಸಾಗಿತ್ತು. ಸರಕಾರ ಮೊಟ್ಟೆ ಕಳಿಸಿತು. ಕಾವು ಕೊಡುವ ಯಂತ್ರ ಕಳಿಸಲು ಮರೆಯಿತು. ಆದ್ದರಿಂದ ಗೌಡರ ಮನೆಯ ಊರಕೋಳಿಯೊಂದು ಆ ಮೊಟ್ಟೆಗಳ ಮೇಲೆ ಕೂತು ಹಳದಿ ಮರಿಗಳನ್ನು ಮಾಡಿ, ಬಣ್ಣ ನೋಡದೆ ತನ್ನವೆಂದೇ ನಂಬಿತ್ತು. ಹುಟ್ಟಾ ಸಸ್ಯಾಹಾರಿಯಾದ ಭಟ್ಟರು ಮೊಟ್ಟೆಗಳನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದರು. ಅವರದು ಹಂಗಾಮಿ ನೌಕರಿ. ಸಾಹೇಬರು ಮೆಚ್ಚಿದರೆ ಖಾಯಂ ಆಗಿ ಪುತ್ತೂರಿನಲ್ಲೇ ಕೆಲಸ, ಮೆಚ್ಚದಿದ್ದರೆ ರಾಯಚೂರು. ಹೊಸ ಹೆಂಡತಿ ಮನೋರಮಾ ಪುತ್ತೂರಿನ ಬಾಡಿಗೆ ಮನೆಯನ್ನು ಆಗಲೇ ಗುಡಿಸಿಟ್ಟಿದ್ದಳು.

ಕೋಳಿಮರಿಗೆ ಹುಟ್ಟುವಾಗ ಮನುಷ್ಯರ ಬಗ್ಗೆ ಒಳ್ಳೆಯ ಅಭಿಪ್ರಾಯವೂ ಇರುವುದಿಲ್ಲ, ಕೆಟ್ಟದ್ದೂ ಇರುವುದಿಲ್ಲ. ತಾಯಿಯ ಅಭಿಪ್ರಾಯವೇ ಅದರ ಅಭಿಪ್ರಾಯ. ಈ ತಾಯಿಯ ಅಭಿಪ್ರಾಯವೋ, ಕೋಳಿರೋಗದ ಸೂಜಿ ಹಾಕಿಸಿಕೊಂಡ ದಿನವೇ ಗಟ್ಟಿಯಾಗಿತ್ತು. ಅಂದು ಕಾಲು ಹಿಡಿದವರು ಗೌಡರು, ಚುಚ್ಚಿದವರು ಭಟ್ಟರು. ಅಂದಿನಿಂದ ಗಂಡಸಿನ ನೆರಳು ಕಂಡರೆ ಹೇಂಟೆ "ಕೊರ್ರ್" ಎನ್ನುವುದು, ಗಂಟೆ ಹೊಡೆದ ಶಾಲೆಯಂತೆ ಅಂಗಳ ಖಾಲಿಯಾಗುವುದು. ಅದು ನಂಬಿದ್ದು ದೇವಮ್ಮನ ಕೆಂಪು ಚೌಕುಳಿ ಸೀರೆಯೊಂದನ್ನೇ. ನುಚ್ಚು ಉದುರುವುದು ಆ ಸೆರಗಿನಿಂದ. ಸೀರೆ ಕಂಡರೆ ತಾಯಿ ನೇರ ಮಡಿಲಿಗೆ. ಹಿಂದೆ ಮರಿಗಳ ದಿಬ್ಬಣ.

ಭಟ್ಟರು ಧೈರ್ಯ ಮಾಡಿ ಮೊದಲು ತಾವೇ ಮರಿ ಹಿಡಿಯಲು ಹೋದರು. ಹೇಂಟೆ ಕೂಗಿತು, ಮರಿಗಳು ಕೆಸುವಿನ ಗಿಡಗಳ ಬುಡಕ್ಕೆ ನುಗ್ಗಿದವು. ಭಟ್ಟರು ಮೊಣಕಾಲೂರಿ, "ಬಾ ಬಾ ಬಾ" ಎಂದು ಮದುವೆಗೆ ಕರೆಯುವಷ್ಟು ಮರ್ಯಾದೆಯಿಂದ ಕರೆದರು. ಹೇಂಟೆ ಬಂತು, ಮೂಗಿಗೆ ಕುಕ್ಕಿ ಹೋಯಿತು. ಗೌಡರು ಮೀನು ಹಿಡಿಯುವ ಬಲೆ ತಂದು ಬೀಸಿದರು. ಬಲೆಗೆ ಭಟ್ಟರು ಬಿದ್ದರು.

"ಎಂತ ಭಟ್ರೇ, ಕೋಳಿ ಹಿಡೀತಾ ಇದ್ದೀರಾ? ಮನೆಯಲ್ಲಿ ಶ್ರಾದ್ಧ ಉಂಟಾ?" ಬೇಲಿಯಾಚೆಯಿಂದ ನೆರೆಮನೆಯ ದುಗ್ಗಮ್ಮನ ತಲೆ ಎದ್ದಿತು.

ಬಲೆಯೊಳಗಿಂದಲೇ ಭಟ್ಟರು ಸಂಗತಿ ಹೇಳಿದರು.

"ಅಷ್ಟೆಯಾ? ಅದಕ್ಕೆ ಬೇಕಾದ್ದು ದೇವಮ್ಮ ಅಲ್ಲ, ದೇವಮ್ಮನ ಸೀರೆ. ಅದು ಇಲ್ಲೇ ಉಂಟಲ್ಲ, ಹಗ್ಗದ ಮೇಲೆ."

"ಹಾಗಾದ್ರೆ ನೀವೇ ಉಟ್ಕೊಳ್ಳಿ ದುಗ್ಗಕ್ಕ!" ಎಂದರು ಭಟ್ಟರು.

"ನನ್ನ ಸ್ವರ ಕೇಳಿದ್ರೆ ಅದು ಓಡ್ತದೆ. ಬಾಯಿ ಮುಚ್ಚಿ ಕೂತ್ಕೊಳ್ಳುದು ನಮ್ಮ ವಂಶದಲ್ಲೇ ಇಲ್ಲ."

ಗೌಡರು ಉಟ್ಟರೆ ಸೀರೆ ಮೊಣಕಾಲಿಗೇ ನಿಲ್ಲುತ್ತಿತ್ತು. ಮೀಸೆಯಂತೂ ಯಾವ ಸೆರಗಿಗೂ ಅಡಗುವಂಥದ್ದಲ್ಲ. ಇಬ್ಬರೂ ನಿಧಾನವಾಗಿ ಭಟ್ಟರತ್ತ ತಿರುಗಿದರು. ಗಿಡ್ಡ ದೇಹ, ಬೋಳಿಸಿದ ಮುಖ, ದೇವಮ್ಮನದೇ ಅಳತೆ.

"ನಾನಾ? ಶಿವ ಶಿವಾ! ನಾಲ್ಕು ಜನ ನೋಡಿದ್ರೆ ಎಂತ ಹೇಳ್ತಾರೆ?"

"ರಾಯಚೂರಲ್ಲಿ ಬಿಸಿಲು ಜೋರಂತೆ ಭಟ್ರೇ," ಎಂದಳು ದುಗ್ಗಮ್ಮ.

ಭಟ್ಟರು ಸೀರೆ ಉಟ್ಟರು.

ಗದ್ದೆಯಾಚೆ ಜೀಪಿನ ಸದ್ದು ಕೇಳುವಾಗ ಅವರು ತಲೆಯ ಮೇಲೆ ಸೆರಗೆಳೆದುಕೊಂಡು ಅಂಗಳದ ನಡುವೆ ಕೂತಿದ್ದರು. ಖಾದಿ ಪಂಚೆಯ ಸಾಹೇಬರು, ಕೃಷ್ಣಮೋಹನ ರಾಯರು, ಕೊಡೆ ಮಡಚಿ ಜಗಲಿ ಹತ್ತಿದರು.

"ಇಲ್ಲಿಂದಲೇ ನೋಡ್ಬೇಕು ಸ್ವಾಮೀ," ಎಂದರು ಗೌಡರು. "ನಮ್ಮ ಕೋಳಿಗೆ ಗಂಡಸರೆಂದ್ರೆ ಆಗುದಿಲ್ಲ."

ಸೆರಗಿನಿಂದ ನುಚ್ಚು ಉದುರಿತು. ಕೆಸುವಿನೆಲೆ ಅಲುಗಿತು. ಹೇಂಟೆ ಬಂದು ಸೀರೆಯನ್ನು ಒಮ್ಮೆ ಕೂಲಂಕಷವಾಗಿ ನೋಡಿ, ಮಡಿಲೇರಿ ಕೂತಿತು. ಹಿಂದೆಯೇ ಮರಿಗಳು ತೊಡೆಗೆ, ಭುಜಕ್ಕೆ, ತಲೆಗೆ ಹತ್ತಿದವು. ಒಂದು ಮರಿ ಕುತ್ತಿಗೆಯ ಸಂದಿಯಿಂದ ಒಳಗಿಳಿದು ಬೆನ್ನಿನ ಮೇಲೆ ತಿರುಗಾಡತೊಡಗಿತು. ಭಟ್ಟರು ಗಾಯತ್ರಿ ಜಪಿಸುತ್ತ ಕಚಗುಳಿ ನುಂಗಿದರು.

"ಅದ್ಭುತ!" ಎಂದರು ಸಾಹೇಬರು. "ಬೇರೆ ಊರಲ್ಲೆಲ್ಲ ಮರಿಗಳ ಬಾಲ ಕೂಡ ಕಾಣ್ಲಿಕ್ಕೆ ಸಿಗ್ಲಿಲ್ಲ. ಯಾರು ಈಕೆ?"

"ನನ್ನ ಹೆಂಡತಿ ಸ್ವಾಮೀ, ದೇವಮ್ಮ."

"ಹೇಗೆ ಪಳಗಿಸಿದಿರಿ ದೇವಮ್ಮಾ?"

"ಅವಳಿಗೆ ಮಾತು ಬರುದಿಲ್ಲ," ಎಂದರು ಗೌಡರು.

"ಅವಳಿಗೆ ನಾಚಿಕೆ," ಎಂದು ಅದೇ ಗಳಿಗೆಗೆ ಪಿಸುಗುಟ್ಟಿದಳು ಜಗಲಿಯಲ್ಲಿ ಕೂತಿದ್ದ ದುಗ್ಗಮ್ಮ.

ಸಾಹೇಬರು ಎರಡನ್ನೂ ಒಪ್ಪಿಕೊಂಡರು. "ಅದಿರಲಿ, ಗ್ರಾಮಸೇವಕ ಎಲ್ಲಿ?"

ಗೌಡರು ಮಾಡಿನ ಹಂಚು ನೋಡಿದರು. ದುಗ್ಗಮ್ಮ ಮಾತ್ರ ಹಿಂಜರಿಯಲಿಲ್ಲ: "ಈಗಷ್ಟೇ ಇದ್ರು. ತುಂಬ ಒಳ್ಳೆ ಜನ ಸ್ವಾಮೀ. ಇಲ್ಲೇ ಎಲ್ಲೋ ಕೂತಿರ್ಬೇಕು."

"ನಾನು ಬರುವ ದಿನವೇ ನಾಪತ್ತೆ!" ಸಾಹೇಬರ ಕಿವಿ ಕೆಂಪಾಯಿತು. "ಬಿಸಿಲಲ್ಲಿ ಕೂರುವವರು ಈ ತಾಯಿ, ಸಂಬಳ ತಿನ್ನುವವನು ಅವನು. ಅವನನ್ನು ಇವತ್ತೇ ರಾಯಚೂರಿಗೆ ಹಾಕ್ತೇನೆ. ಇವರು ಎಷ್ಟು ಓದಿದ್ದಾರೆ?"

"ಐದನೇ ಕ್ಲಾಸ್ ಪಾಸು ಸ್ವಾಮೀ."

"ಧಾರಾಳವಾಯಿತು. ಆ ಜಾಗಕ್ಕೆ ಇವರೇ. ಸೋಮವಾರ ಪುತ್ತೂರಿಗೆ ಬಂದು ಕೆಲಸಕ್ಕೆ ಸೇರಲಿ."

ಭಟ್ಟರಿಗೆ ಬಾಯಿ ತೆರೆದರೆ ಮೋಸ ಬಯಲು, ಮುಚ್ಚಿದರೆ ರಾಯಚೂರು. ಕೊನೆಗೆ ತಡೆಯಲಾರದೆ, "ಸಾ..." ಎಂದರು. ಮಡಿಲಲ್ಲಿದ್ದ ಹೇಂಟೆ ಆ ಸ್ವರ ಎಲ್ಲೋ ಕೇಳಿದಂತಿದೆಯಲ್ಲ ಎಂದು ಕತ್ತೆತ್ತಿ ನೋಡಿತು. ಭಟ್ಟರು ಉಳಿದ ಅಕ್ಷರ ಬಿಟ್ಟು ಸೆರಗು ಮುಂದಕ್ಕೆಳೆದುಕೊಂಡರು.

"ನೋಡಿ ನೋಡಿ!" ಸಾಹೇಬರ ಕಣ್ಣು ತೇವವಾಯಿತು. "ಸಂತೋಷಕ್ಕೆ ಮೂಕರಿಗೂ ಮಾತು ಬಂತು!"

ಜೀಪು ಧೂಳೆಬ್ಬಿಸಿ ಹೋಯಿತು. ಭಟ್ಟರು ಧಡಕ್ಕನೆ ಎದ್ದರು. ಮರಿಗಳು ನಾಲ್ಕೂ ದಿಕ್ಕಿಗೆ ಚೆಲ್ಲಾಪಿಲ್ಲಿಯಾದವು. ಬೆನ್ನಿನೊಳಗಿದ್ದದ್ದು ಮಾತ್ರ ಅಲ್ಲೇ ಉಳಿಯಿತು.

"ಗೌಡ್ರೇ, ನೀವಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ? ನನ್ನ ಕೆಲಸ ಹೋಯ್ತಲ್ಲ!"

ಕುಕ್ಕಪ್ಪ ಗೌಡರು ಮೀಸೆ ನೀವಿಕೊಂಡರು. ಮುಖದ ಮೇಲೆ ಬೆಳಿಗ್ಗೆ ಇರದಿದ್ದ ಒಂದು ಗಾಂಭೀರ್ಯವಿತ್ತು.

"ಸೀರೆ ಸ್ವಲ್ಪ ಜಾಗ್ರತೆ ಬಿಚ್ಚಿ ಭಟ್ರೇ," ಎಂದರು. "ಸೋಮವಾರ ಅವಳಿಗೆ ಡ್ಯೂಟಿಗೆ ಉಡ್ಲಿಕ್ಕೆ ಬೇಕು."