ನೂರಿಗೆ ಓದಿದ ಡೈರಿ

ಮನುಷ್ಯರೆದುರು ಸಾಯಿಮಾಳ ಬಾಯಿ ಬೀಗ ಹಾಕಿದ ಅಂಗಡಿ. ಬಿ.ಎ. ಮುಗಿಸಿದವಳಾದರೂ, ಒಮ್ಮೆ ಬಸ್ಸಿನಿಂದ ತುಳಸಿಗೇರಿಯಲ್ಲಿ ಇಳಿಯಬೇಕಾದಾಗ "ನಿಲ್ಲಿಸ್ರಿ" ಎನ್ನಲಾರದೆ ಲೋಕಾಪುರದವರೆಗೂ ಹೋಗಿ ಬಂದಿದ್ದಳು.

ಅಪ್ಪ ದಸ್ತಗೀರಸಾಬ ಮದುವೆಯ ಮೆರವಣಿಗೆಗೆ ಕುದುರೆ ಒಯ್ಯುವವನು. ಮನೆಯ ಬಿಳಿ ಕುದುರೆ ನೂರಿಯೊಂದಿಗಾದರೂ ಗೆಳೆತನ ಬೆಳೆಸೋಣವೆಂದು ಸಾಯಿಮಾ ಮೊಬೈಲಿನಲ್ಲಿ ಹುಡುಕಿದಳು. "ದಿನಾ ಅದರ ಜೊತೆ ಮನಬಿಚ್ಚಿ ಮಾತಾಡಿ" ಎಂದ ವಿಡಿಯೋದಲ್ಲಿ ಯಾರೋ ಟೊಪ್ಪಿಗೆಯವನು. ಏನು ಮಾತಾಡುವುದು? ಕುದುರೆಯೆದುರೂ ನಾಚಿಕೆ. ಕೊನೆಗೆ ತನ್ನ ಡೈರಿಯನ್ನೇ ಓದತೊಡಗಿದಳು. ಒಂದು ಚೂರು ಬೆಲ್ಲ ತಿನ್ನಿಸುವುದು, ಅದೇ ಬೆರಳಿನಿಂದ ಹಾಳೆ ತಿರುವುವುದು. ನೂರಿ ಕಿವಿ ನಿಮಿರಿಸಿ, ಮೂಗನ್ನು ಹಾಳೆಗೇ ತಾಗಿಸಿ ಕೇಳುತ್ತಿದ್ದಳು. ಇಷ್ಟು ಮನಸ್ಸಿಟ್ಟು ಪಾಠ ಕೇಳಿದವರನ್ನು ಸಾಯಿಮಾ ಕಾಲೇಜಿನಲ್ಲೂ ಕಂಡಿರಲಿಲ್ಲ.

ಮೂರು ತಿಂಗಳಾದ ಮೇಲೆ, ಬಾದಾಮಿಯ ಅವರದೇ ಓಣಿಯ ಪ್ರೇಮಕುಮಾರ ಮಾಸ್ತರನ ಮದುವೆ ಬಂತು. ಡೈರಿಯ ಚೀಲ ಹೆಗಲಿಗೇರಿಸಿ ಸಾಯಿಮಾ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮದುಮಗನನ್ನು ಹೊತ್ತ ನೂರಿ ಅವಳನ್ನು ಕಂಡವಳೇ ನಿಂತಳು; ನಿಂತವಳು ಕಲ್ಲಾದಳು. ಹಗ್ಗ ಎಳೆದರೂ ಇಲ್ಲ, "ಚಲ್ ಬೇಟಿ" ಎಂದರೂ ಇಲ್ಲ.

"ಮುಹೂರ್ತ ಹನ್ನೊಂದೂವರಿಗೈತ್ರಿ ಸಾಬರ!" ಪ್ರೇಮಕುಮಾರ ಮೇಲಿನಿಂದ ಒದರಿದ. "ಗುಳೇದಗುಡ್ಡದ ಬೀಗರು ಮಂಟಪದ ಮುಂದ ಕಾಯಾಕತ್ತಾರ!"

ದಸ್ತಗೀರಸಾಬ ಮಗಳತ್ತ ತಿರುಗಿದ. "ಸಾಯಿಮಾ, ದಿನಾ ಸಂಜಿಗೆ ಅದೇನೋ ಓದ್ತಿಯಲ್ಲಾ, ಅದನ್ನ ಓದ್ಕೋತ ಮುಂದ ನಡಿಯವಾ. ಇವತ್ತ ಮುಹೂರ್ತ ತಪ್ಪಿತಂದ್ರ ನಾಳಿಂದ ಈ ಕುದುರಿನ್ನ ಯಾರೂ ಕರಿಯಂಗಿಲ್ಲ."

ಅಪ್ಪನ ಕೆಲಸ ಒಂದು ಕಡೆ, ಗುಟ್ಟು ಒಂದು ಕಡೆ. ಸಾಯಿಮಾ ಜಾಣತನ ಮಾಡಿ ಡೈರಿಯ ಬದಲು ಕೈಗೆ ಸಿಕ್ಕ ಲಗ್ನಪತ್ರಿಕೆ ಓದಿದಳು. ನೂರಿ ಕಣ್ಣು ಮುಚ್ಚಿದಳು. ಸಾಯಿಮಾ ಚೀಲದಿಂದ ಡೈರಿ ತೆಗೆದಳು. ನೂರಿ ಒಂದು ಹೆಜ್ಜೆ ಇಟ್ಟಳು!

"ಓದವಾ, ಓದು!" ಎಂದಿತು ಇಡೀ ಓಣಿ. ಸುಳ್ಳು ಹೆಣೆದು ಹೇಳಲು ನಾಲಿಗೆ ಬೇಕಲ್ಲ? ಬರೆದದ್ದನ್ನೇ ಓದತೊಡಗಿದಳು.

"'ನಾನು ಬಿ.ಎ. ಮುಗಿಸಿ ಕುದುರೆಯೊಡನೆ ಮಾತಾಡುತ್ತೇನೆ. ಅದೂ ನಡುನಡುವೆ ಆಕಳಿಸುತ್ತದೆ.'"

ಓಣಿ ನಕ್ಕಿತು. ಬ್ಯಾಂಡಿನ ಬೀರೇಶ ತನ್ನ ಮೈಕನ್ನೇ ತಂದು ಅವಳ ಬಾಯಿಗೆ ಹಿಡಿದ. "ಹಿಂದಿನವ್ರಿಗೆ ಕೇಳವಲ್ದು ಅಕ್ಕಾ."

"'ಪಕ್ಕದ ಮನೆಯ ಲಗಮವ್ವ ಕೇಳಿದ ಮಾತನ್ನು ಮರೆಯುವುದಿಲ್ಲ, ಕಡ ಒಯ್ದ ಪಾತ್ರೆಯನ್ನು ನೆನಪಿಡುವುದಿಲ್ಲ.'"

"ಯವ್ವಾ! ಏಟ ಚಂದ ಬರದಾಳ ನಮ್ಮ ಹುಡುಗಿ," ಎನ್ನುತ್ತ ಲಗಮವ್ವ ಜನರನ್ನು ತಳ್ಳಿಕೊಂಡು ಮುಂದಿನ ಸಾಲಿಗೇ ಬಂದಳು.

ನೂರಿ ಈಗ ಕುಣಿದು ನಡೆಯುತ್ತಿದ್ದಳು. ಗೋಡೆಯ ಮೇಲಿನ ಮಂಗಗಳೂ ಸುಮ್ಮನೆ ಕುಳಿತು ಕೇಳಿದವು. ಮಂಟಪದೆದುರು ಬೀಗರು ಆರತಿ ಹಿಡಿದು ನಿಂತಿದ್ದಾಗ ಬಂದ ಸಾಲು ಇದು: "'ಪ್ರೇಮಕುಮಾರ ಮಾಸ್ತರರ ಮೀಸೆ ರವಿವಾರ ಬೆಳ್ಳಗೆ, ಸೋಮವಾರ ಕರ್ರಗೆ.'"

"ತಂಗೀ, ಹಾಳಿ ತಿರುವವಾ!" ಎಂದ ಮದುಮಗ. ಬೀಗರೆಲ್ಲ ಕತ್ತೆತ್ತಿ ನೋಡಿದರು. ಬೆವರಿಗೆ ಮೀಸೆಯ ತುದಿಯಿಂದ ಒಂದು ಕಪ್ಪು ಹನಿ ಜಾರಿ ಶೇರವಾನಿಯ ಮೇಲೆ ಬಿತ್ತು.

ಮುಹೂರ್ತಕ್ಕೆ ಇನ್ನೂ ಐದು ನಿಮಿಷ ಉಳಿದಿತ್ತು. ಗೆದ್ದೆವೆಂದು ಸಾಯಿಮಾ ಉಸಿರು ಬಿಡುವಷ್ಟರಲ್ಲಿ ನೂರಿ ಕತ್ತು ಚಾಚಿ ಡೈರಿಯನ್ನು ಕಿತ್ತುಕೊಂಡು ಕಚಕಚ ಅಗಿಯತೊಡಗಿದಳು.

ಉಳಿದ ರಟ್ಟನ್ನು ದಸ್ತಗೀರಸಾಬ ಮೂಸಿ ನೋಡಿದ. "ಅಯ್ಯ ಹುಚ್ಚಿ, ಬರೇ ಬೆಲ್ಲ ನಾರತೈತಲ್ಲ ಇದು! ಈ ವಾಸನಿ ಹಿಡದು ಬಂದಾಳಾಕಿ. ಬಾಯಿ ಮುಚಗೊಂಡು ಪುಸ್ತಕ ತೋರಿಸಿದ್ರ ಸಾಕಿತ್ತು."

ಸಾಯಿಮಾ ರಟ್ಟನ್ನು ಕಸಿದು ಚೀಲಕ್ಕೆ ತುರುಕಿದಳು. ಆದರೂ ಒಂದು ಸಮಾಧಾನ: ಬರೆದದ್ದೆಲ್ಲ ಕುದುರೆಯ ಹೊಟ್ಟೆ ಸೇರಿತು, ಇನ್ನು ಸಾಕ್ಷಿ ಇಲ್ಲ.

ಮರುದಿನ ಬೆಳಿಗ್ಗೆ ಲಗಮವ್ವ ಹೊಸದೊಂದು ನೋಟಬುಕ್ಕು ಹಿಡಿದು ಸಾಯಿಮಾಳ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು, ಸುತ್ತ ಓಣಿಯ ಹೆಂಗಸರು. "ಅಳಬ್ಯಾಡ ನನ್ನವ್ವ. ಓದಿದ್ದೆಲ್ಲಾ ನನಗ ಬಾಯಿಪಾಠ ಐತಿ. ನಾ ಹೇಳ್ತೇನಿ, ನೀ ಬರಕೋ."

'ಬ್ಯಾಡ' ಎನ್ನಲು ಸಾಯಿಮಾಳಿಗೆ ಬಾಯಿ ಬರಲಿಲ್ಲ, ಬರೆದುಕೊಂಡಳು. ಅಕ್ಷರವೂ ತಪ್ಪಿರಲಿಲ್ಲ. ಪಾತ್ರೆಯ ಸಾಲೊಂದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ಲಗಮವ್ವನಿಗೆ ನೆನಪಾಗಲಿಲ್ಲ.