ಎರಡನೇ ಸಂಪುಟದ ಮೇಲೆ ನಿಂತ ಬೀರು

ಹನ್ನೊಂದು ವರ್ಷಗಳಿಂದ ಒಬ್ಬ ಲೇಖಕ ಮುಗಿಸಲಾಗದೆ ಒದ್ದಾಡುತ್ತಿರುವ ಕಥೆಯನ್ನು ಮೂರೇ ಭಾನುವಾರಗಳಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತೇನೆ ಎಂದು ನಾನು ಘೋಷಿಸಿದೆ! ಘೋಷಿಸಿದ್ದು ಅಡುಗೆಮನೆಯಲ್ಲಿ. ಸಭಿಕರು ಇಬ್ಬರು: ಹೆಂಡತಿ ಮತ್ತು ಕುಕ್ಕರ್. ಕುಕ್ಕರಾದರೂ ಒಂದು ಸೀಟಿ ಹೊಡೆದು ಬೆಂಬಲಿಸಿತು.

"ಮೊದ್ಲು ಆ ನಲ್ಲಿ ರಿಪೇರಿ ಮುಗ್ಸಿ" ಎಂದಳು ಹೆಂಡತಿ, ಯೂನಿಫಾರಮ್ಮಿಗೆ ಪಿನ್ನು ಚುಚ್ಚಿಕೊಳ್ಳುತ್ತಾ.

ನಾನು ನಲವತ್ತು ವರ್ಷ ಗಿರಣಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾಗಿದ್ದವನು. ಹನ್ನೆರಡು ಮುಷ್ಕರ, ಎರಡು ಸಲ ಜೈಲು, ಲಾಠಿ ತಿಂದ ಒಂದು ಮೊಣಕಾಲು, ಇಷ್ಟು ನನ್ನ ಆಸ್ತಿ. ಈಗ ಗಿರಣಿ ಮುಚ್ಚಿದೆ. ಸಂಘದ ಕಚೇರಿ ಇದ್ದ ಜಾಗಕ್ಕೆ ಜಿಮ್ ಬಂದಿದೆ. ದುಡಿಯುವವರ ಭಾರ ಇಳಿಸಲು ನಾವು ಹೆಣಗಿದ ಕೋಣೆಯಲ್ಲಿ ಜನ ದುಡ್ಡು ಕೊಟ್ಟು ಭಾರ ಎತ್ತುತ್ತಿದ್ದಾರೆ. ಸಂಗಾತಿಗಳಲ್ಲಿ ಇಬ್ಬರು ತೀರಿಕೊಂಡರು. ಒಬ್ಬ ಮಗಳ ಊರಿಗೆ ಹೋದ. ಇನ್ನೊಬ್ಬ ಮಾಲೀಕರ ಸಲಹೆಗಾರನಾದ. ಅವನನ್ನೂ ತೀರಿಕೊಂಡವರ ಪಟ್ಟಿಗೇ ಸೇರಿಸಿದ್ದೇನೆ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಗ್ಗೆ ಆರಕ್ಕೆ ಹೋದರೆ ಬರುವುದು ಮೂರಕ್ಕೆ. ಅಲ್ಲಿಯವರೆಗೆ ಪೇಪರಿನ ಸಂಪಾದಕೀಯವನ್ನು ಗೋಡೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಗೋಡೆ ಒಪ್ಪಿತೋ ಬಿಟ್ಟಿತೋ, ಎದ್ದಂತೂ ಹೋಗಲಿಲ್ಲ. ಒಂದು ದಿನ ಅವಳು ಬಂದ ಮೇಲೆ ಅದನ್ನೇ ಅವಳಿಗೂ ಹೇಳಲು ಹೋದೆ.

"ರೀ, ನೀವು ಮಾತಾಡಲ್ಲ, ಭಾಷಣ ಮಾಡ್ತೀರಿ. ಭಾನುವಾರ ಲೈಬ್ರರೀಲಿ 'ಉಪ್ಪಿನಕೋಟೆ' ಓದೋರು ಸೇರ್ತಾರಂತೆ. ನಂಗೆ ಭಾನುವಾರಾನೂ ಡ್ಯೂಟಿ. ನೀವಾದ್ರೂ ಹೋಗ್ಬನ್ನಿ."

'ಉಪ್ಪಿನಕೋಟೆ' ಅವಳ ಪುಸ್ತಕ. ಇಟ್ಟಿಗೆಯಂಥ ಐದು ಸಂಪುಟ. ರಾಜ, ರಾಣಿ, ಕುದುರೆ, ಕೊಲೆ, ಮತ್ತೆ ಕುದುರೆ. ಐದನೆಯದರ ಕೊನೆಯ ಪುಟದಲ್ಲಿ ನಡುರಾತ್ರಿ ಕೋಟೆಬಾಗಿಲು ತೆರೆದುಕೊಳ್ಳುತ್ತದೆ, ಶತ್ರುಸೇನೆ ನುಗ್ಗುತ್ತದೆ, ಕಥೆ ಅಲ್ಲೇ ನಿಲ್ಲುತ್ತದೆ. ಆರನೆಯದು ಬರೆಯುತ್ತೇನೆಂದು ಲೇಖಕ ಹೇಳಿ ಹನ್ನೊಂದು ವರ್ಷವಾಯಿತು.

ನಾನು ಒಂದು, ಮೂರು, ನಾಲ್ಕು, ಐದು ಓದಿದೆ. ಎರಡನೆಯದು ನಮ್ಮ ಕಬ್ಬಿಣದ ಬೀರುವಿನ ಮುರಿದ ಮುಂಗಾಲಿನ ಕೆಳಗಿತ್ತು. ಹದಿನಾಲ್ಕು ವರ್ಷದ ಹಿಂದೆ ನಾನೇ ಇಟ್ಟದ್ದು, ದಪ್ಪ ಹೇಳಿ ಮಾಡಿಸಿದಂತಿತ್ತು. ಅದನ್ನು ತೆಗೆಯುವಂತೆ ಹೆಂಡತಿ ಮೂರು ಸಲ ಮನವಿ ಸಲ್ಲಿಸಿದ್ದಳು. ಮನವಿ ಪರಿಶೀಲನೆಯಲ್ಲಿತ್ತು. ಐದರಲ್ಲಿ ಒಂದು ಬಿಟ್ಟರೆ ಯಾವ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡೆ.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಜನ. ಒಳಗಿನಿಂದ ಬಾಗಿಲ ಅಗಳಿ ತೆಗೆದವರು ಯಾರು? ಇದೊಂದೇ ಪ್ರಶ್ನೆಯನ್ನು ಅವರು ಹನ್ನೊಂದು ವರ್ಷದಿಂದ ಜಗಿಯುತ್ತಿದ್ದರು.

ಹಲ್ಲಿನ ಡಾಕ್ಟ್ರಮ್ಮ ಮೇಜು ಕುಟ್ಟಿದರು: "ರಾಜನೇ ತೆಗೆದಿದ್ದು! ಅವನು ಸತ್ತಿಲ್ಲ! ಸುಟ್ಟ ಹೆಣದ ಬಾಯಲ್ಲಿ ಮೂವತ್ತೆರಡೂ ಹಲ್ಲಿತ್ತು ಅಂತ ಬರೆದಿದೆ. ರಾಜನ ದವಡೆಹಲ್ಲು ಒಂದನೇ ಸಂಪುಟದಲ್ಲೇ ಹೋಗಿತ್ತಲ್ಲ!"

"ಸುಮ್ನಿರಿ ಡಾಕ್ಟ್ರಮ್ಮ" ಎಂದ ಬಸ್ ಕಂಡಕ್ಟರ್. "ನಾಲ್ಕರಲ್ಲಿ ಕೋಟೆ ಒಳಗೆ ಹತ್ತಿದೋರು ನೂರಾ ಹನ್ನೆರಡು. ಇಳಿದೋರು ನೂರಾ ಹನ್ನೊಂದು. ಒಬ್ಬ ಒಳಗೇ ಉಳಿದಿದ್ದಾನೆ. ಅವನ್ನ ಹಿಡೀರಿ."

"ರಾಜಕುಮಾರನ ಅಂಗಿಗೆ ಮೂರನೇ ಸಂಪುಟದಲ್ಲಿ ಆರು ಗುಂಡಿ, ಐದರಲ್ಲಿ ಐದು. ಆ ಒಂದು ಗುಂಡಿ ಎಲ್ಲಿ ಬಿತ್ತು ಅಂತ ಯಾರಾದ್ರೂ ಕೇಳಿದ್ರಾ?" ಎಂದ ಟೈಲರ್, ನೊಂದ ದನಿಯಲ್ಲಿ.

ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಕುದುರೆಯ ವೇಗ ಬರೆದು, ಮಂತ್ರಿಯೊಬ್ಬನೇ ಎರಡು ದಿನದಲ್ಲಿ ಬಾಗಿಲು ಮುಟ್ಟಬಲ್ಲವನು ಎಂದು ಸಾಧಿಸಿದರು. ಕುದುರೆ ಕುಂಟುತ್ತಿತ್ತು ಎಂದು ಟೈಲರ್ ಆಕ್ಷೇಪಿಸಿದ. ಕಿರುಚಾಟ, ನಗು, ಟೀ. ಹನ್ನೆರಡು ಗಂಟೆಗೆ ಯಾವ ತೀರ್ಮಾನವೂ ಇಲ್ಲದೆ ಎದ್ದು ಹೊರಟರು!

ನನ್ನ ರಕ್ತ ಕುದಿಯಿತು. ತೀರ್ಮಾನವಿಲ್ಲದ ಸಭೆಯೇ? ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಬೆಳಗ್ಗೆಯೇ ಕುಕ್ಕರಿನ ಸಮ್ಮುಖದಲ್ಲಿ ಮೇಲಿನ ಘೋಷಣೆ.

ಮೊದಲ ಭಾನುವಾರ ನಡಾವಳಿ ಪುಸ್ತಕ ತಂದೆ, ಅಧ್ಯಕ್ಷರ ಆಯ್ಕೆ ನಡೆಸಿದೆ. ನನ್ನ ಹೆಸರನ್ನು ಸೂಚಿಸಿದವನು ನಾನು, ಅನುಮೋದಿಸಿದ್ದು ಅವರ ಮೌನ. ಎರಡನೆಯ ಭಾನುವಾರ ಪ್ರತಿಯೊಬ್ಬರಿಗೂ ಮೂರು ನಿಮಿಷ ಗೊತ್ತುಮಾಡಿದೆ. ಡಾಕ್ಟ್ರಮ್ಮ ದವಡೆಹಲ್ಲಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿದೆ. ಮೂರನೆಯ ಭಾನುವಾರ ನನ್ನ ಸಿದ್ಧಾಂತ ಮಂಡಿಸಿದೆ:

"ಸಂಗಾತಿಗಳೇ! ಅಗಳಿ ತೆಗೆದದ್ದು ಅಡುಗೆಯವಳು! ಐದು ಸಂಪುಟಗಳಲ್ಲಿ ರಾಜರು ಉಂಡದ್ದೇ ಉಂಡದ್ದು. ಬೇಯಿಸಿದವಳ ಸುದ್ದಿ ಒಂದನೆಯದು ಬಿಟ್ಟರೆ ಮತ್ತೆಲ್ಲೂ ಇಲ್ಲ. ಯಾಕಿಲ್ಲ? ಅವಳು ಒಳಗೊಳಗೇ ಸಂಘಟನೆ ಮಾಡುತ್ತಿದ್ದಳು!"

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಗಂಟೆ ಬಾರಿಸಿದೆ. ಕೈ ಎತ್ತಿಸಿದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿ ಕೈ ಎತ್ತಿದರು. ಸರ್ವಾನುಮತ! ನಲವತ್ತು ವರ್ಷದಲ್ಲಿ ನನಗೆ ದಕ್ಕದ ಸರ್ವಾನುಮತ! ನಿರ್ಣಯವನ್ನು ಟೈಪು ಮಾಡಿಸಿ ಒಂದು ಪ್ರತಿ ಪ್ರಕಾಶಕರಿಗೆ, ಒಂದು ಪ್ರತಿ ಲೈಬ್ರರಿಯ ನೋಟಿಸ್ ಬೋರ್ಡಿಗೆ. ಕೆಳಗೆ ಒಂದು ಸಾಲು: "ಈ ವಿಷಯ ಇಲ್ಲಿಗೆ ಮುಕ್ತಾಯ. ಮತ್ತೆ ಎತ್ತುವುದು ಶಿಸ್ತಿನ ಉಲ್ಲಂಘನೆ."

ನಾಲ್ಕನೆಯ ಭಾನುವಾರ ಎಲ್ಲರೂ ಬಂದರು, ಕೂತರು.

"ಏನ್ರಪ್ಪಾ ಸುಮ್ನೆ ಕೂತ್ರಿ? ಮಾತಾಡಿ" ಎಂದೆ.

"ಏನು ಮಾತಾಡೋದು ಸರ್? ತೀರ್ಮಾನ ಆಗ್ಹೋಯ್ತಲ್ಲ" ಎಂದ ಕಂಡಕ್ಟರ್.

ಅರ್ಧ ಗಂಟೆ ಫ್ಯಾನಿನ ಸದ್ದು ಕೇಳಿ ಎದ್ದರು. ಐದನೆಯ ಭಾನುವಾರ ನಾನು ಮತ್ತು ನಡಾವಳಿ ಪುಸ್ತಕ ಇಬ್ಬರೇ. ಕೋರಂ ಇಲ್ಲದ್ದರಿಂದ ಸಭೆಯನ್ನು ಮುಂದೂಡಿರುವುದಾಗಿ ಗಟ್ಟಿಯಾಗಿ ಹೇಳಿದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ. ಲೈಬ್ರರಿಯವಳು ಇಣುಕಿ, "ಒಬ್ರಿಗೇ ಆದ್ರೆ ಫ್ಯಾನ್ ಆಫ್ ಮಾಡಿ" ಎಂದಳು.

ಆರನೆಯ ಭಾನುವಾರ ದಾರಿಯಲ್ಲಿ ಟೈಲರ್ ಅಂಗಡಿ ಸಿಕ್ಕಿತು. ಒಳಗಿನಿಂದ ಪರಿಚಿತ ಕಿರುಚಾಟ. ಕಿಟಕಿಯಲ್ಲಿ ನೋಡಿದೆ. ಡಾಕ್ಟ್ರಮ್ಮ ಬಟ್ಟೆ ಕತ್ತರಿಸುವ ಮೇಜನ್ನು ಕುಟ್ಟುತ್ತಿದ್ದರು. ಮೇಷ್ಟ್ರು ಅದರ ಮೇಲೆ ಟೈಲರನ ಸೀಮೆಸುಣ್ಣದಿಂದ ಕುದುರೆ ಓಡಿಸುತ್ತಿದ್ದರು. ಕಂಡಕ್ಟರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಭೂಗತ ಸಭೆ! ನನ್ನನ್ನು ಬಿಟ್ಟು!

ಜೀವಮಾನವಿಡೀ ಗೇಟಿನ ಹೊರಗೆ ನಿಂತವನು ನಾನು. ಆದರೆ ಹೊರಗೆ ಯಾವಾಗಲೂ ಪಕ್ಕದಲ್ಲಿ ಜನ ಇರುತ್ತಿದ್ದರು, ಕೂಗಲು ಒಂದು ಘೋಷಣೆ ಇರುತ್ತಿತ್ತು. ಇಲ್ಲಿ ಎರಡೂ ಇರಲಿಲ್ಲ. ತುಂಬಾ ಹೊತ್ತು ನಿಂತೆ ಎಂದು ಕಾಣುತ್ತದೆ, ಟೈಲರ್ ನೋಡಿ ಬಾಗಿಲಿಗೆ ಬಂದ.

"ಹೀಗಾ ಮಾಡೋದು?" ಎಂದೆ. "ಕೈ ಎತ್ತಿದ್ರಲ್ಲ ನೀವೆಲ್ಲಾ?"

"ಗಂಟೆ ನಿಮ್ಮ ಕೈಲಿತ್ತು ಸರ್. ಎತ್ತಿದ್ರೆ ಬೇಗ ಮನೆಗೆ ಹೋಗ್ಬೋದು ಅನ್ನಿಸ್ತು" ಎಂದ. ಆಮೇಲೆ ದನಿ ತಗ್ಗಿಸಿ, "ಬನ್ನಿ ಸರ್, ಬೇಡ ಅಂದೋರ್ಯಾರು? ಆದ್ರೆ ಒಂದ್ಮಾತು. ಎರಡನೇ ಸಂಪುಟ ಓದಿದ್ದೀರಾ?"

ನಾನು ಮೊಣಕಾಲು ತಿಕ್ಕಿಕೊಂಡೆ.

"ಓದ್ಕೊಂಡು ಬನ್ನಿ. ನಿಮ್ ಕುರ್ಚಿ ಎಲ್ಲೂ ಹೋಗಲ್ಲ."

ಹನ್ನೆರಡಕ್ಕೆ ಮನೆ ಸೇರಿದೆ. ಅಂಗಿ ಬಿಚ್ಚಿದೆ. ಬೀರುವಿಗೆ ಭುಜ ಕೊಟ್ಟು, ಮೇಲೆತ್ತಿ, ಕಾಲಿನಿಂದ ಎರಡನೇ ಸಂಪುಟವನ್ನು ಎಳೆದೇ ಬಿಟ್ಟೆ! ಅದರ ಜಾಗದಲ್ಲಿ ಏನಿಡಬೇಕು ಎಂಬುದು ಮಾತ್ರ ಕಾರ್ಯಸೂಚಿಯಲ್ಲಿ ಇರಲಿಲ್ಲ. ಬೀರು ಒಮ್ಮೆ ನರಳಿ, ನಿಧಾನವಾಗಿ ನನ್ನ ಮೇಲೆ ವಾಲಿತು. ತಿರುಗಿ ಬೆನ್ನು ಕೊಟ್ಟೆ. ಅದರ ನೆತ್ತಿಯ ಮೇಲಿದ್ದ ಹಳೆಯ ಕರಪತ್ರಗಳ ಕಟ್ಟು ನನ್ನ ತಲೆ ಮೇಲೆ ಬಿಚ್ಚಿಕೊಂಡಿತು. 'ಒಗ್ಗಟ್ಟಾಗಿರಿ!' 'ಒಗ್ಗಟ್ಟಾಗಿರಿ!' ಎಂಬ ಇನ್ನೂರು ಕಾಗದಗಳು ನೆಲದ ತುಂಬ ಹರಡಿದವು. ಮೆಗಾಫೋನು ಉರುಳಿ ಮಂಚದಡಿ ಸೇರಿತು.

ನಲವತ್ತು ವರ್ಷ ಬಂಡವಾಳಶಾಹಿಯ ವಿರುದ್ಧ ನಿಂತವನು ಈಗ ಬೀರುವಿನ ವಿರುದ್ಧ ನಿಂತೆ. ಬಿಟ್ಟರೆ ಬೀಳುತ್ತದೆ. ಪುಸ್ತಕ ಮತ್ತೆ ಒಳಗೆ ಹೋಗಬೇಕಾದರೆ ಎತ್ತಲು ಒಬ್ಬ ಬೇಕು, ತೂರಿಸಲು ಒಬ್ಬ ಬೇಕು. ಅಂದು ಇಡುವಾಗ ನಾಲ್ಕು ಜನ ಸಂಗಾತಿಗಳಿದ್ದರು, ಎತ್ತಿದ್ದಕ್ಕೆ ಟೀ ಕುಡಿದು ಹೋಗಿದ್ದರು. ಇಂದು ಕೂಗಿದೆ. ಪಕ್ಕದ ಮನೆಯ ಟಿ.ವಿ. ನನಗಿಂತ ಗಟ್ಟಿಯಾಗಿ ಕೂಗುತ್ತಿತ್ತು. ಎರಡನೆಯ ಸಲ ಕೂಗಲು ನಾಚಿಕೆಯಾಯಿತು.

ಒಂದು ಕೈಯನ್ನು ಹಿಂದಕ್ಕೆ ಬೀರುವಿಗೆ ಒತ್ತಿ, ಕುಕ್ಕರಗಾಲಿಗೆ ಜಾರಿ, ಇನ್ನೊಂದು ಕೈಯಲ್ಲಿ ಪುಸ್ತಕ ಎತ್ತಿಕೊಂಡೆ. ಬೇರೆ ಕೆಲಸವೂ ಇರಲಿಲ್ಲ. ಓದಿದೆ. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಒಂದು ಕಡೆ ಹೆಂಡತಿಯ ಸಣ್ಣ ಅಕ್ಷರ: "ಇದನ್ನು ಇವರಿಗೆ ಹೇಳಬೇಕು." ಹದಿನಾಲ್ಕು ವರ್ಷದಿಂದ ಆ ಸಾಲಿನ ಮೇಲೆ ಬೀರು ನಿಂತಿತ್ತು.

ತೊಂಬತ್ತನೆಯ ಪುಟದಲ್ಲಿ ಅಡುಗೆಯವಳು ಸತ್ತಳು. ಜ್ವರ ಬಂದು. ಯಾವ ಸಂಘಟನೆಯನ್ನೂ ಮಾಡದೆ.

ಮೂರು ಗಂಟೆಗೆ ಬಾಗಿಲು ತೆರೆಯಿತು. ಹೆಂಡತಿ ಕರಪತ್ರಗಳನ್ನು ನೋಡಿದಳು, ಬೀರುವನ್ನು ನೋಡಿದಳು, ಅದರ ಕೆಳಗಿನ ನನ್ನನ್ನು ನೋಡಿದಳು.

"ಏಟಾಯ್ತಾ?"

"ಇಲ್ಲ. ಮೊದ್ಲು ಹಿಡ್ಕೋ ಬಾರೇ!"

ನನ್ನ ತಲೆ ಮುಟ್ಟಿ, ಮೊಣಕಾಲು ಒತ್ತಿ ನೋಡಿ, ಏಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಮೂವತ್ತು ವರ್ಷ ಸರ್ವೀಸಿನ ನರ್ಸು. ಆಮೇಲೆ ನನ್ನ ಕೈಲಿದ್ದ ಪುಸ್ತಕ ಕಂಡಿತು.

"ಅಡುಗೆಯವಳ ವಿಷ್ಯ ಗೊತ್ತಾಯ್ತಾ?"

"ನಿಂಗೆ ಯಾರು ಹೇಳಿದ್ರು?"

"ನೋಟಿಸ್ ಬೋರ್ಡಲ್ಲಿ ಅಂಟಿಸಿದ್ರಲ್ಲ. ಇಡೀ ವಾರ್ಡೇ ನಕ್ಕಿತು. ಸತ್ತೋಳ ಕೈಲಿ ಅಗಳಿ ತೆಗ್ಸಿದ ಮಹಾನುಭಾವ ಯಾರಮ್ಮಾ ಅಂತ ಪೇಷಂಟುಗಳು ಕೇಳಿದ್ರು. ನಂಗೆ ಗೊತ್ತಿಲ್ಲ ಅಂದೆ."

"ಆಗ್ಲೇ ಹೇಳ್ಬಾರ್ದಿತ್ತಾ?"

"ಯಾವಾಗ ಹೇಳ್ಲಿ? ಲೈಬ್ರರೀಲಿ ಎಲ್ರಿಗೂ ಮೂರು ಮೂರು ನಿಮಿಷ ಕೊಡ್ತೀರಂತೆ. ಮನೇಲಿ ನಂಗೆ ಯಾವತ್ತು ಕೊಟ್ಟಿದ್ದೀರಿ?"

ಅವಳು ಮಂಚದ ಮೇಲೆ ಕೂತಳು, ಒಂದೊಂದಾಗಿ ಬೂಟು ಬಿಚ್ಚಿದಳು, ಬಾತ ಕಾಲನ್ನು 'ಒಗ್ಗಟ್ಟಾಗಿರಿ'ಗಳ ಮೇಲೆ ಚಾಚಿದಳು.

"ಬೀರು ಹಿಡ್ಕೊಳ್ಳೇ!"

"ಹಿಡೀತೀನಿ. ಮೊದ್ಲು ನನ್ನ ಥಿಯರಿ ಕೇಳಿ. ಹನ್ನೊಂದು ವರ್ಷದಿಂದ ಇಟ್ಕೊಂಡಿದ್ದೀನಿ. ಅಗಳಿ ಯಾರೂ ತೆಗೀಲಿಲ್ಲ. ಅದನ್ನ ಹಾಕೇ ಇರ್ಲಿಲ್ಲ. ಹಾಕಿದ್ರು ಅಂತ ಐದು ಸಂಪುಟದಲ್ಲಿ ಎಲ್ಲೂ ಬರೆದಿಲ್ಲ, ಎರಡನೇದನ್ನ ಲೈಬ್ರರಿಯಿಂದ ತಂದು ಹುಡುಕಿದ್ದೀನಿ. ಇಷ್ಟು ದಿನ ಯಾರೂ ತಳ್ಳಿ ನೋಡಿರ್ಲಿಲ್ಲ, ಅಷ್ಟೆ. ಈಗ ಒಂದನೇ ಸಂಪುಟದಿಂದ ಶುರು ಮಾಡ್ತೀನಿ..."

ಆಕ್ಷೇಪವಿತ್ತು. ಬಲವಾದ ಆಕ್ಷೇಪವೇ ಇತ್ತು. ಆದರೆ ನನ್ನ ಒಂದು ಕೈಯಲ್ಲಿ ಬೀರು, ಇನ್ನೊಂದರಲ್ಲಿ ಎರಡನೇ ಸಂಪುಟ. ಎತ್ತಲು ಮೂರನೆಯ ಕೈ ಇರಲಿಲ್ಲ.