ಡ್ರ್ಯಾಗನ್ ಹೊಟ್ಟೆಯ ಮೇಲಿನ ಹಿಟ್ಟು

ಡ್ರ್ಯಾಗನ್ ಬೆಂಕಿಯುಗುಳುವ ವಿಷಯದಲ್ಲಿ ಯಾರದೂ ತಕರಾರಿರಲಿಲ್ಲ. ಜಗಳ ಎದ್ದದ್ದು ಬನ್ನಿನ ವಿಷಯಕ್ಕೆ.

ಬೇಕರಿಯ ಭಟ್ಟಿಯವನಿಗೆ ಒಂದೇ ಹುಚ್ಚು. ಆಗಿಹೋದ ಚರಿತ್ರೆಯನ್ನು ಮಗುಚಿಹಾಕಿ, ಸೋತ ರಾಜ ಗೆದ್ದಿದ್ದರೆ ಏನಾಗುತ್ತಿತ್ತು ಎಂದು ಮಾಯಮಂತ್ರ ಬೆರೆಸಿ ಬರೆದ ಕಾದಂಬರಿಗಳನ್ನು ಓದುವುದು. ಓದಿ ಸುಮ್ಮನಿರುವ ಆಸಾಮಿಯಂತೂ ಅಲ್ಲ. ‘ಇದು ನಡೆಯೋ ಮಾತು’, ‘ಇದು ನಡೆಯೋ ಮಾತಲ್ಲ’ ಎಂದು ತೀರ್ಪು ಕೊಡಲೇಬೇಕು. ಹಾಗಾಗಿ ಬೀದಿಯವರಿಗೆಲ್ಲ ಅವನು ಜಡ್ಜಣ್ಣ.

ಆ ದಿನ ಜಡ್ಜಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಾಸ್ಟೆಲ್ಲೊಂದರ ದೊಡ್ಡ ಆರ್ಡರು ನಾಳೆಯಿಂದ ದಿನವೂ ಹೋಗಬೇಕಿತ್ತು. ಒಬ್ಬನ ಕೈಲಿ ಆಗುವುದಿಲ್ಲವೆಂದು ವರ್ಷಗಟ್ಟಲೆ ಗೋಗರೆದದ್ದು ಕೊನೆಗೂ ಯಜಮಾನರ ಕಿವಿಗೆ ಬಿದ್ದು, ಇನ್ನೊಬ್ಬ ಭಟ್ಟಿಯವನನ್ನು ಕರೆತರಲು ಅವರು ಬೆಳಿಗ್ಗೆಯೇ ಹೊರಟಿದ್ದರು. ಇನ್ನು ಮಧ್ಯಾಹ್ನಗಳೆಲ್ಲ ಓದಿಗೇ!

ಆ ಖುಷಿಯಲ್ಲಿ, ಬನ್ನಿಗೆ ಬಂದ ಟೈಲರನ ಮುಂದೆ ಹೊಸ ಕಾದಂಬರಿಯ ಕತೆ ಬಿಚ್ಚಿದ. ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದ್ದಾರೆ, ಒಳಗೆ ಸೈನ್ಯ ಹಸಿದು ಕೂತಿದೆ. ಆಗ ಒಬ್ಬನೇ ಒಬ್ಬ ಅಡುಗೆಯವನು, ಮಲಗಿದ್ದ ಡ್ರ್ಯಾಗನ್ನಿನ ಬಿಸಿ ಹೊಟ್ಟೆಯ ಮೇಲೆ ಹಿಟ್ಟಿಟ್ಟು ಬೇಗ ಉಬ್ಬಿಸಿ, ಸೂರ್ಯ ಮುಳುಗುವುದರೊಳಗೆ ಇಡೀ ಕೋಟೆಗೆ ಬನ್ನು ಬೇಯಿಸಿ ಯುದ್ಧ ಗೆಲ್ಲಿಸುತ್ತಾನೆ.

“ಬಿಡಿ ಬಿಡಿ! ಡ್ರ್ಯಾಗನ್ ಬೇಕಾದ್ರೆ ನಂಬ್ತೀನಿ. ಒಬ್ಬನೇ ಅಷ್ಟು ಬನ್ ಮಾಡ್ದ ಅಂದ್ರೆ ನಮ್ಮಜ್ಜಿನೂ ನಂಬಲ್ಲ” ಎಂದ ಟೈಲರ್.

“ನಡೆಯೋ ಮಾತು ಅಂತ ನಾನು ತೀರ್ಪು ಕೊಟ್ಟಾಗಿದೆ!”

“ಹಾಗಾದ್ರೆ ಮಾಡಿ ತೋರ್ಸಿ ಜಡ್ಜಣ್ಣ” ಎಂದು ಪಕ್ಕದ ಸೈಕಲ್ ಶಾಪಿನವನೂ ಉರಿಯುವ ಬೆಂಕಿಗೆ ತುಪ್ಪ ಸುರಿದ. “ಹಾಸ್ಟೆಲ್ ಆರ್ಡರ್ ಪೂರ್ತಿ, ಸಂಜೆಯೊಳಗೆ, ಒಬ್ರೇ. ಆಗ್ಲಿಲ್ಲ ಅಂದ್ರೆ ಇನ್ಮೇಲೆ ಯಾವ ಪುಸ್ತಕಕ್ಕೂ ನೀವು ತೀರ್ಪು ಕೊಡಂಗಿಲ್ಲ.”

ತೀರ್ಪು ಕೊಡದೆ ಓದುವುದೆಂದರೆ ಜಡ್ಜಣ್ಣನಿಗೆ ಉಪ್ಪಿಲ್ಲದ ಊಟ. ತೋಳೇರಿಸಿಯೇಬಿಟ್ಟ.

ಡ್ರ್ಯಾಗನ್ ಇಲ್ಲದ್ದಕ್ಕೆ ಹಿಟ್ಟಿನ ಟಬ್ಬುಗಳನ್ನು ಭಟ್ಟಿಯ ತಲೆಯ ಮೇಲೆ ಸಾಲಾಗಿಟ್ಟ. “ಉಬ್ತಾ ಇದೆಯಾ?” ಎಂದು ಟೈಲರ್ ಒದ್ದೆ ಬಟ್ಟೆ ಎತ್ತೆತ್ತಿ ಇಣುಕಿದ್ದರಲ್ಲಿ ಮೊದಲ ಟಬ್ಬಿನ ಹಿಟ್ಟು ಒಣಗಿ ಚಕ್ಕೆಗಟ್ಟಿತು. “ಬೆಂತಾ?” ಎಂದು ಸೈಕಲ್ ಶಾಪಿನವನು ಭಟ್ಟಿಯ ಬಾಗಿಲು ತೆಗೆದ ರಭಸಕ್ಕೆ ಮೊದಲ ತಟ್ಟೆಯ ಬನ್ನುಗಳೆಲ್ಲ ಕುಸಿದು ಕೂತವು.

“ಇಬ್ರೂ ಆಚೆ ನಡೀರಿ!” ಎಂದು ಜಡ್ಜಣ್ಣ ಲಟ್ಟಣಿಗೆ ಎತ್ತಿದ.

ಆಮೇಲೆ ಶುರುವಾಯಿತು ನೋಡಿ. ಬಿಸಿ ತಗುಲಿದ ಹಿಟ್ಟು ಟಬ್ಬು ಮೀರಿ ಭಟ್ಟಿಯ ಗೋಡೆಗುಂಟ ಇಳಿಯತೊಡಗಿತು. ಬಾಚಿ, ನಾದಿ, ಉಂಡೆಕಟ್ಟಿ ತಳ್ಳಿದ. ತಟ್ಟೆಗಳು ಮುಗಿದವು. ಬಿಸ್ಕತ್ತಿನ ಡಬ್ಬಿಗಳ ಮುಚ್ಚಳ, ಕೊನೆಗೆ ತಕ್ಕಡಿಯ ತಟ್ಟೆಯೂ ಭಟ್ಟಿಯೊಳಗೆ ಹೋಯಿತು. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡಿದ್ದರೂ ಕೈ ನಿಲ್ಲಲಿಲ್ಲ.

ಸೂರ್ಯ ಇನ್ನೂ ಕಾಣುತ್ತಿರುವಾಗಲೇ ಕೊನೆಯ ಬನ್ನು ಹೊರಬಂತು, ಕೆಂಪಗೆ, ದುಂಡಗೆ. ಬೀದಿಗೆ ಬೀದಿಯೇ ಶಿಳ್ಳೆ ಹೊಡೆಯಿತು. ಟೈಲರ್ ತನ್ನ ಅಳತೆಪಟ್ಟಿಯನ್ನೇ ಜಡ್ಜಣ್ಣನ ಕೊರಳಿಗೆ ಹಾಕಿ, “ನಡೆಯೋ ಮಾತೇ ಜಡ್ಜಣ್ಣ, ತಪ್ಪಾಯ್ತು!” ಎಂದು ಕೈಮುಗಿದ. ಜಡ್ಜಣ್ಣನ ಎದೆ ಬನ್ನಿಗಿಂತ ಹೆಚ್ಚು ಉಬ್ಬಿತ್ತು. ಕೋಟೆ ಗೆದ್ದ ರಾಜನಿಗೂ ಅಷ್ಟು ಸಂತೋಷವಾಗಿರಲಿಕ್ಕಿಲ್ಲ.

ಆಗಲೇ ಯಜಮಾನರು ಬಂದರು. ಹಿಂದೆ, ಹೆಗಲಿಗೆ ಚೀಲ ಹಾಕಿಕೊಂಡ ಹೊಸ ಭಟ್ಟಿಯವನು. ಬನ್ನಿನ ಗುಡ್ಡ ನೋಡಿ ಯಜಮಾನರು ಕಣ್ಣರಳಿಸಿದರು.

“ನಾಳಿನ ಆರ್ಡರಾ ಇದು? ಯಾರ್ಯಾರು ಸೇರಿ ಮಾಡಿದ್ರಿ?”

“ಒಬ್ರೇ ಸಾರ್! ನಾವೇ ಸಾಕ್ಷಿ!” ಎಂದು ಟೈಲರ್ ಹೆಮ್ಮೆಯಿಂದ ಕೂಗಿದ.

ಯಜಮಾನರು ಜಡ್ಜಣ್ಣನನ್ನು ತಬ್ಬಿಕೊಂಡರು. ಆಮೇಲೆ ಹೊಸ ಭಟ್ಟಿಯವನ ಕಡೆ ತಿರುಗಿ, “ನಿಂಗೆ ಸುಮ್ನೆ ತೊಂದ್ರೆ ಕೊಟ್ಟೆ ಕಣಪ್ಪ. ಎರಡು ಬನ್ ತಿಂದು ಹೊರಡು” ಎಂದರು.

ಆ ರಾತ್ರಿ ಮನೆಯಲ್ಲಿ ಹೆಂಡತಿ ಜಡ್ಜಣ್ಣನ ತೋಳಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದಳು.

“ಬೆಳಿಗ್ಗೆ ನಾನು ಬಾಯಿ ಮುಚ್ಕೊಂಡು ಸುಮ್ನೆ ಇದ್ದಿದ್ರೆ, ಚರಿತ್ರೆನೇ ಬೇರೆ ಆಗಿರ್ತಿತ್ತು ಕಣೇ” ಎಂದು ನರಳಿದ.

ಹೆಂಡತಿ ಒದ್ದೆ ಬಟ್ಟೆ ಹಿಂಡಿ ಮತ್ತೆ ತೋಳಿಗಿಟ್ಟಳು.

“ನೀವು, ಸುಮ್ನೆ? ಡ್ರ್ಯಾಗನ್ ಬೇಕಾದ್ರೆ ನಂಬ್ತೀನಿ. ಇದು ಮಾತ್ರ ನಡೆಯೋ ಮಾತಲ್ಲ ಬಿಡಿ.”